ರೀಚ್ ಆದೆ

ಮೆಟ್ರೋ ದೀಪಾಂಜಲಿ ನಗರದ ಹತ್ತಿರ ಕೆಟ್ಟು ನಿಂತಿರಬಹುದು. ಮಗಳು ನಿದ್ದೆಹೋಗಿ, ವಿಜಯನಗರದಲ್ಲಿ ಇಳಿಯದೆ ಮೆಜೆಸ್ಟಿಕ್ ಪಾಲಾಗಿರಬಹುದು. ಇಳಿದರೂ, ಅವಳು ಹತ್ತಿದ ಆಟೊದವನು ಒನ್‌ವೇಯಲ್ಲಿ ಎದುರಿಂದ ನುಗ್ಗಿರಬಹುದು. ಬಿಸಿಲಿಗೆ ತಲೆ ಸುತ್ತಿರಬಹುದು. ಬಿಸಿಲೇ ಇಲ್ಲದಿದ್ದರೆ ಮಳೆ ಬಂದು ರಸ್ತೆಯ ಗುಂಡಿಗಳೆಲ್ಲ ನೀರಿನಡಿ ಹೊಂಚು ಹಾಕಿರಬಹುದು. ಅವಳ ಫೋನು ಕಳುವಾಗಿರಬಹುದು. ಕಳುವಾಗದಿದ್ದರೆ ಮತ್ತೇಕೆ ಎತ್ತುತ್ತಿಲ್ಲ?

ಬೆಳೆದು, ಓದಿ, ಮದುವೆಯೂ ಆದ ಮಗಳೊಬ್ಬಳು ಕೆಂಗೇರಿಯ ಗಂಡನ ಮನೆಯಿಂದ ಬಸವೇಶ್ವರನಗರದ ನಮ್ಮ ಮನೆಗೆ ಬರುವುದರೊಳಗೆ ಇಷ್ಟೆಲ್ಲ ಆಗುವುದು ನನ್ನ ತಲೆಯೊಳಗೆ ಮಾತ್ರ. "ಚಂದ್ರನ ಮೇಲೆ ಹೋದವ್ರ ಮನೆಯೋರೂ ಇಷ್ಟು ಒದ್ದಾಡಿರಲ್ಲ ಕಣ್ರೀ, ಸುಮ್ನೆ ಕೂತ್ಕೊಳ್ಳಿ" ಎನ್ನುತ್ತಾಳೆ ಹೆಂಡತಿ. ಕೂರುತ್ತೇನೆ. ಗೇಟು ಕಾಣುವ ಹಾಗೆ ಕೂರುತ್ತೇನೆ.

ಈ ಕಾಯಿಲೆಗೆ ನಾನು ಕಂಡುಕೊಂಡ ಒಂದೇ ಮಾತ್ರೆ ‘ರೀಚ್’ ಎಂಬ ಇಂಗ್ಲಿಷ್ ಪದ. ನಮ್ಮ ಮನೆಯಿಂದ ಯಾರೇ ಹೊರಡಲಿ, "ರೀಚ್ ಆದ್ಮೇಲೆ ಫೋನ್ ಮಾಡಿ" ಎನ್ನದೆ ನಾನು ಗೇಟಿನ ಚಿಲಕ ಹಾಕುವುದಿಲ್ಲ. ಇಂಗ್ಲಿಷ್ ಬಲ್ಲವರು ಈ ಪದವನ್ನು ಒಂಟಿಯಾಗಿ ಬಿಡುವುದಿಲ್ಲವಂತೆ. ಎಲ್ಲಿಗೆ ಎಂಬುದನ್ನೂ ಜೊತೆಗೆ ಹೇಳಲೇಬೇಕಂತೆ. ನಮಗೆ ಅದರ ಹಂಗಿಲ್ಲ. "ರೀಚ್ ಆದೆ" ಅಂದರೆ, ಜೀವಂತವಾಗಿದ್ದೇನೆ, ಕೈಕಾಲು ನೆಟ್ಟಗಿವೆ, ನೀವಿನ್ನು ನಿಮ್ಮ ಕೆಲಸ ನೋಡಿಕೊಳ್ಳಿ ಎಂದು ಅರ್ಥ.

ಹಾಗೆಂದು ಕನ್ನಡದಲ್ಲಿ ಪದಕ್ಕೇನೂ ಬರವಿಲ್ಲ. ಆದರೆ ‘ತಲುಪಿದೆ’ ಎಂದರೆ ಪಾರ್ಸೆಲ್ಲೇ ಬಾಯಿಬಿಟ್ಟು ಮಾತಾಡಿದಂತಿರುತ್ತದೆ. ‘ಸೇರಿದೆ’ ಎಂಬುದಕ್ಕೆ ದೇವರ ಪಾದದ ಸಹವಾಸ ಜಾಸ್ತಿ. ನನ್ನಂಥವನು ಆ ಪದದ ಹತ್ತಿರ ಸುಳಿಯಬಾರದು. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಗದಗಿನ ಕಡೆಯ ಟೀಚರಮ್ಮ ರಜೆ ಮುಗಿಸಿ ಬಂದ ದಿನ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಹೇಳುತ್ತಿದ್ದರು: "ಮುಟ್ಟೀನಿ ಬೇ ಯವ್ವಾ, ನೀ ಇನ್ನ ಉಣ್ಣು." ಬ್ಯಾಗು ಇನ್ನೂ ಹೆಗಲ ಮೇಲೇ ಇತ್ತು. ಅಷ್ಟು ದೂರದ ತಾಯಿಯ ಕೆನ್ನೆಯನ್ನೇ ಮುಟ್ಟಿದ ಹಾಗೆ ಕೇಳಿಸಿ ನನಗೆ ಹೊಟ್ಟೆಕಿಚ್ಚಾಯಿತು.

ತಂಗಿಯ ಮಗನಿಗೆ ರೀಚ್ ಅಂದರೆ ಬೇರೆಯೇ. "ಮಾಮ, ಈ ರೀಲ್‌ಗೆ ರೀಚೇ ಇಲ್ಲ" ಎಂದು ಹಲುಬುತ್ತಾನೆ. ಅವನಿಗೆ ಊರೆಲ್ಲ ನೋಡಬೇಕು. ನನಗೆ ಒಬ್ಬಳು ಫೋನೆತ್ತಿದರೆ ಸಾಕು. ಸರಿಯಾಗಿ ಆಗಲೇ ಫೋನಿನೊಳಗಿನ ಹೆಂಗಸು, ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ರಾಗ ಎಳೆಯುತ್ತಾಳೆ. ಮಗಳ ಮದುವೆಯಾದ ಮೇಲೆ ಆ ಹೆಂಗಸಿಗೆ ನಮ್ಮ ಮನೆಯ ಸಮಾಚಾರ ಸ್ವಲ್ಪ ಹೆಚ್ಚೇ ಗೊತ್ತಿದೆ ಅನಿಸುತ್ತದೆ.

ಮೊದಲೆಲ್ಲ ಅವಳು ಕಾಲೇಜಿಗೆ, ಆಮೇಲೆ ಆಫೀಸಿಗೆ ಹೋದ ತಕ್ಷಣ ಫೋನು: "ಅಪ್ಪಾ, ರೀಚ್." ಅಷ್ಟೇ. ನಾನು ಆರಿದ ಕಾಫಿಯನ್ನು ನೆಮ್ಮದಿಯಾಗಿ ಕುಡಿಯುತ್ತಿದ್ದೆ. ಮದುವೆಯಾದ ಮೇಲೆ ಅದು ನಿಂತಿತು. ತಪ್ಪೇನಿಲ್ಲ, ಕಳಿಸಿಕೊಟ್ಟವರಿಗೆ ಹೇಳುವುದು ವಾಡಿಕೆ. ಹೊರಟ ಮನೆಗೇ ಹೊರತು, ಬಂದ ಮನೆಯಲ್ಲಿ ಯಾರೂ ರೀಚ್ ಆದೆ ಅನ್ನುವುದಿಲ್ಲ. ಸ್ವಂತ ಮನೆಗೆ ಬಂದವರಂತೂ ಚಪ್ಪಲಿ ಬಿಟ್ಟು "ತಿನ್ನೋಕೆ ಏನಿದೆ?" ಅನ್ನುತ್ತಾರೆ. ಈಗ ನನ್ನ ಪಾಲಿಗೆ ಉಳಿದಿರುವುದು ಅವಳು ಇಲ್ಲಿಂದ ಹಿಂತಿರುಗಿದ ಮೇಲೆ ಬರುವ ಫೋನು ಮಾತ್ರ. ಹಾಗಾಗಿ ಬರಲಿ ಎಂದು ಕಾಯುವ ನಾನೇ, ಬಂದವಳು ಹೋಗಿ ಮುಟ್ಟಲಿ ಎಂದೂ ಕಾಯುತ್ತೇನೆ.

ಗೇಟು ಸದ್ದಾಯಿತು. ಮೆಟ್ರೋ ಕೆಟ್ಟಿರಲಿಲ್ಲ, ಆಟೊದವರು ಸಜ್ಜನರು, ಆಕಾಶ ಶುಭ್ರವಾಗಿತ್ತು.

"ಏನಪ್ಪಾ ನೀನು, ಇಷ್ಟೊಂದು ಮಿಸ್ಡ್ ಕಾಲು! ಸೈಲೆಂಟಲ್ಲಿತ್ತು, ಮಧ್ಯೆ ಸಿಗ್ನಲ್ಲೂ ಇರ್ಲಿಲ್ಲ ಕಣಪ್ಪಾ" ಎಂದು ನಗುತ್ತ ಬಂದವಳು, ಸೋಫಾದ ಮೂಲೆಯ ತನ್ನ ಹಳೇ ಜಾಗದಲ್ಲಿ ಕಾಲು ಮಡಿಸಿ ಕೂತಳು. ನಾನು ನೀರು ತಂದು ಹಿಡಿದೆ. "ಒಂದ್ನಿಮಿಷ ಅಪ್ಪಾ" ಎಂದು ಲೋಟವನ್ನು ಪಕ್ಕಕ್ಕಿಟ್ಟು ಫೋನ್ ಮಾಡಿದಳು.

"ಅತ್ತೆ, ರೀಚ್ ಆದೆ. ನೀವಿನ್ನು ಊಟ ಮಾಡಿ."