ಗ್ರೀಸಪ್ಪನ ಕೈ

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಸೈಕಲ್ ರಿಪೇರಿಯ ಗ್ರೀಸಪ್ಪ ಎಂದರೆ ಸಾಕು, ಬೆರಳು ತೋರಿಸಿ ಕಳಿಸುತ್ತಿದ್ದರು. ಪೆಡಲೋ ಬೋಲ್ಟೋ ಸೀಟಿನ ಪೈಪೋ, ಏನೇ ಜೋಡಿಸಲಿ, ಮೊದಲು ಅವನ ಬೆರಳು ಗ್ರೀಸಿನ ಡಬ್ಬಿಗೆ ಹೋಗುತ್ತಿತ್ತು. ಅದು ಶೋಕಿಯಲ್ಲ. ಎದುರಿನ ರಿಪೇರಿ ಅಂಗಡಿಯವನು ಜನ್ಮದಲ್ಲಿ ಒಂದು ಬೊಟ್ಟು ಗ್ರೀಸು ಮುಟ್ಟಿದವನಲ್ಲ. ಅವನು ಕೂರಿಸಿದ ಪೈಪುಗಳೆಲ್ಲ ಒಳಗೇ ತುಕ್ಕು ಹಿಡಿದು, ಕೊನೆಗೆ ಇವನ ಬಾಗಿಲಿಗೇ ಬರುತ್ತಿದ್ದವು. ಅವನ್ನು ಕೀಳಲು ಹೆಣಗಾಡಿ ಹೆಣಗಾಡಿ ಗ್ರೀಸಪ್ಪನ ಬಲ ಭುಜವೇ ಹೋಯಿತು. ಈಗ ಅಂಗಿ ತೊಡುವುದೂ ಕಷ್ಟ. "ಸೋಮಾರಿ ನನ್ಮಗ! ಅವನು ಆಕಳಿಸ್ತಾನೆ, ನಾನು ಸಾಯ್ತೀನಿ" ಎಂದು ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದ. ಎದುರಿನವನು ಹಲ್ಲು ಕಿರಿಯುತ್ತಿದ್ದ, ಅಷ್ಟೇ.

ಹೆಂಡತಿ ತೀರಿಕೊಂಡ ಮೇಲೆ ಮಗಳು ಬೆಳೆದದ್ದು ಆ ಅಂಗಡಿಯಲ್ಲೇ. ಸೈಕಲ್ ರೇಸಿನ ಹುಚ್ಚು ಅವಳಿಗೆ ಹತ್ತದೆ ಇನ್ಯಾರಿಗೆ ಹತ್ತಬೇಕು? ಈ ಸಲದ ರೇಸಿನಲ್ಲಿ ಗೆದ್ದರೆ ರಾಜ್ಯ ತಂಡಕ್ಕೆ ಆಯ್ಕೆ. ಮುಂದಿನ ವರ್ಷ ವಯಸ್ಸು ಮೀರುತ್ತದೆ, ಆಮೇಲೆ ಬಾಗಿಲು ಬಂದ್. ಕ್ಲಬ್ಬಿನವರು ಕೊಟ್ಟ ಹೊಸ ಕಾರ್ಬನ್ ಸೈಕಲ್ಲನ್ನು ಬಿಡಿಬಿಡಿಯಾಗಿ ಅಪ್ಪನ ಮುಂದಿಟ್ಟಳು.

"ಜೋಡಿಸೋದು ನೀನೇ ಅಪ್ಪ. ಆದ್ರೆ ಸೀಟಿನ ಪೈಪಿಗೆ ಮಾತ್ರ ಗ್ರೀಸ್ ಬೇಡ. ಕಾರ್ಬನ್ ಅದು, ಜಾರುತ್ತೆ. ಈ ಪೇಸ್ಟ್ ಹಚ್ಚು."

ಅವನು ಬೆರಳಲ್ಲಿ ಉಜ್ಜಿ ನೋಡಿದ. ತರಿತರಿ. "ಇದೇನೇ ಇದು, ಮರಳು! ಹುಟ್ಟಿದಾಗಿಂದ ಮರಳು ಒರೆಸ್ತಾ ಬಂದಿದ್ದೀನಿ, ಈಗ ನಾನೇ ತುಂಬಬೇಕಾ?"

"ತರಿ ಇದ್ರೇನೇ ಬಿಗಿಯಾಗಿ ನಿಲ್ಲೋದು. ತುಕ್ಕು ಹಿಡಿಯೋಕೆ ಅದೇನು ಕಬ್ಬಿಣಾನಾ? ನನ್ನಾಣೆ, ಹಾಕ್ಬೇಡ."

"ಆಯ್ತು ಬಿಡು ತಾಯಿ."

ಬಾಯಿ ಒಪ್ಪಿತು, ಕೈ ಒಪ್ಪಲಿಲ್ಲ. ಪೇಸ್ಟು ಹಚ್ಚಿದ ಪೈಪನ್ನು ಹಿಡಿದು ತಲೆಯೆತ್ತಿದರೆ, ಎದುರಂಗಡಿಯವನು ಸ್ಟೂಲಿನ ಮೇಲೆ ಕಾಲು ಅಲ್ಲಾಡಿಸುತ್ತಿದ್ದ. ತನ್ನ ಮಗಳ ಸೈಕಲ್ಲು ಅವನ ಕೆಲಸದ ಹಾಗೆ ಗ್ರೀಸಿಲ್ಲದೆ ಹೋಗಬೇಕೇ? ಗ್ರೀಸಪ್ಪ ಡಬ್ಬಿ ತೆರೆದ. ಪೇಸ್ಟನ್ನೆಲ್ಲ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಗ್ರೀಸು ಸವರಿ ಪೈಪು ಇಳಿಸಿದ. ಪ್ರೀತಿಯಿಂದಲೇ ಸವರಿದ, ಹಾಳಾದ್ದು!

ರೇಸಿನಲ್ಲಿ ರಸ್ತೆ ಕೆಟ್ಟಲ್ಲೆಲ್ಲ ಸೀಟು ಕೆಳಗಿಳಿಯಿತು. ಅವಳು ನಿಂತು ಬೋಲ್ಟು ಬಿಗಿದಳು. ಮತ್ತೆ ಇಳಿಯಿತು. ಸಿಟ್ಟಿನಿಂದ ಇನ್ನಷ್ಟು ಬಿಗಿದಳು, ಪೈಪು ಸೀಳಿತು. ಉಳಿದ ದಾರಿಯನ್ನು ಸೈಕಲ್ಲು ತಳ್ಳಿಕೊಂಡು ನಡೆದಳು. ತಂಡದ ಆಸೆ ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ಸೀಳಿದ ಪೈಪನ್ನು ಅಪ್ಪನ ಮುಂದಿಟ್ಟು, ಅದರ ಮೇಲೆ ಬೆರಳಾಡಿಸಿ ತೋರಿಸಿದಳು. ಬೆರಳು ಮಿರಮಿರ ಮಿಂಚಿತು.

"ನಿನ್ನ ಒಳ್ಳೇದಕ್ಕೇ ಕಣೇ..."

"ಗೊತ್ತು ಅಪ್ಪ."

ಅಷ್ಟೇ. ಕೂಗಾಡಿದ್ದರೆ ಇವನೂ ಕೂಗಾಡಿ ಹಗುರಾಗುತ್ತಿದ್ದ. ಊಟಕ್ಕೆ ಬಡಿಸಿದಳು, ಭುಜದ ಔಷಧಿ ಕೊಟ್ಟಳು, ಮುಖಕ್ಕೆ ಮುಖ ಕೊಡಲಿಲ್ಲ.

ಹೊಸ ಪೈಪು ಬಂದ ದಿನ ಗ್ರೀಸಪ್ಪ ಕೈಯನ್ನು ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದು, ಪೇಸ್ಟಿನ ಟ್ಯೂಬು ಹಿಡಿದು ಕಾದ. ಅವಳು ಬಂದು ಟ್ಯೂಬನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಸೈಕಲ್ಲು ತಳ್ಳುತ್ತ ರಸ್ತೆ ದಾಟಿ ಎದುರಂಗಡಿಗೆ ಹೋದಳು.

"ಮಾಮ, ಇದಕ್ಕೆ ಗ್ರೀಸ್ ಹಾಕ್ಬಾರದು."

"ಅಯ್ಯೋ, ನಾನು ಯಾವತ್ತಮ್ಮ ಹಾಕಿದ್ದೀನಿ!"

ರೇಸಿನ ದಿನದಿಂದ ಮುಖ ಗಂಟಿಕ್ಕಿಕೊಂಡಿದ್ದ ಮಗಳು ಅಲ್ಲಿ ನಿಂತು ನಕ್ಕಳು. ಆ ನಗು ರಸ್ತೆಯ ಈಚೆ ಗ್ರೀಸಪ್ಪನಿಗೂ ಕೇಳಿಸಿತು.