ತೋರಿಸಿ ಎಂದವರಿಗೆ ತೋರಿಸಿದ್ದು

ನನ್ನ ಬ್ಲಾಗಿನಲ್ಲಿ ಪ್ರಶ್ನೆ ಕೇಳುವ ಜಾಗದಲ್ಲಿ ಈಗ ಒಂದೇ ಖಾನೆ ಇದೆ. ಪ್ರಶ್ನೆ ಬರೆಯಿರಿ, ಅಷ್ಟೆ. ಹೆಸರು ಬೇಡ, ಊರು ಬೇಡ, ಫೋನ್ ನಂಬರು ಬೇಡ. ಮೊದಲು ಏಳು ಖಾನೆಗಳಿದ್ದವು. ಉಳಿದ ಆರು ಹೇಗೆ ಹೋದವು ಎಂದು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಎರಡು ಸಾಲು ಬರೆದು ಎದ್ದು ಹೋಗಿದ್ದೇನೆ. ಇವತ್ತು ಏಳುವುದಿಲ್ಲ. ಆದರೆ ಯಾರ ಹೆಸರನ್ನೂ ಹೇಳುವುದಿಲ್ಲ. ಇದರಲ್ಲಿ ಬರುವ ಹೆಣ್ಣುಮಗಳ ಊರು ಕೃಷ್ಣೆಯ ದಂಡೆಗಿದೆ ಎಂದಷ್ಟೇ ಹೇಳುತ್ತೇನೆ. ನಮ್ಮ ಕಡೆ ಅಂಥ ಊರುಗಳು ಬೇಕಾದಷ್ಟಿವೆ.

ನಾನು ಮೂವತ್ತೆರಡು ವರ್ಷ ಉಪಕೇಂದ್ರದ ನರ್ಸ್ ಆಗಿದ್ದವಳು. ಐಗಳಿಯಲ್ಲಿ ಶುರು, ಆಮೇಲೆ ಅನಂತಪುರ, ನಡುವೆ ಕೆಲವು ವರ್ಷ ರಾಯಬಾಗದ ಕಡೆ, ನಿವೃತ್ತಿ ಆದದ್ದು ಅಥಣಿಯಲ್ಲಿ. ನನ್ನ ಕೈಯಲ್ಲಿ ಹುಟ್ಟಿದವರು ಈಗ ತಮ್ಮ ಮಕ್ಕಳನ್ನು ಕರೆದುಕೊಂಡು ಎದುರಿಗೆ ಬರುತ್ತಾರೆ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದ ಕಾಲವೊಂದಿತ್ತು. ಅದಕ್ಕಿಂತ ಹೆಚ್ಚಿನ ಹೆಮ್ಮೆ ನನ್ನ ರಜಿಸ್ಟರಿನದು. ಬಸುರಿಯ ಹೆಸರು, ಗಂಡನ ಹೆಸರು, ವಯಸ್ಸು, ಊರು, ಎಷ್ಟನೇ ಬಸಿರು, ಮೊಬೈಲ್ ನಂಬರು, ತಕರಾರು ಏನು: ನನ್ನ ರಜಿಸ್ಟರಿನಲ್ಲಿ ಒಂದು ಖಾನೆ ಖಾಲಿ ಇರುತ್ತಿರಲಿಲ್ಲ. ಖಾಲಿ ಬಿಟ್ಟು ತಂದ ಆಶಾ ಕಾರ್ಯಕರ್ತೆಯರನ್ನು ನಾನು ಬಿಸಿಲಲ್ಲಿ ವಾಪಸು ಕಳಿಸಿದ್ದೇನೆ. ನರ್ಸಿಗೆ ನಮ್ಮ ಕಡೆ ಬಾಯಾರು ಎನ್ನುತ್ತಾರೆ. "ಬಾಯಾರ ಸಿಟ್ಟು ಅಂದ್ರ ಸಿಟ್ಟು" ಎಂದು ಅವರು ಹಿಂದೆ ಆಡಿಕೊಳ್ಳುತ್ತಿದ್ದುದು ನನಗೆ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಮೊಬೈಲ್ ನಂಬರಿನ ಖಾನೆಯ ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಗಳಿಗೆ ನಂಬರು ಕೇಳಿದರೆ ಅವಳು ಗಂಡನ ನಂಬರು ಹೇಳುತ್ತಾಳೆ. ಗಂಡ ಇಲ್ಲದಿದ್ದರೆ ಮೈದುನನದು, ಮಾವನದು. ತನ್ನದೇ ಫೋನು ಇದ್ದರೂ ಹಾಗೆಯೇ ಹೇಳುವವರುಂಟು. ಅದು ಸುಳ್ಳಲ್ಲ, ರೂಢಿ. ಮನೆಯ ನಂಬರು ಎಂದರೆ ಮನೆಯ ಗಂಡಸಿನ ನಂಬರು. ಮೊಬೈಲು ಬಂದಾಗಿನಿಂದ ನಿವೃತ್ತಿಯ ತನಕ ನಾನೂ ಹಾಗೆಯೇ ಬರೆದುಕೊಂಡೆ, ಹೆರಿಗೆ ನೋವು ಬಂದಾಗ ಅದೇ ನಂಬರಿಗೆ ಫೋನು ಮಾಡಿದೆ.

ನಿವೃತ್ತಿಯಾದ ಮೇಲೆ ಕೈ ಸುಮ್ಮನೆ ಕೂರಲಿಲ್ಲ. ಹೆಣ್ಣುಮಕ್ಕಳು ದವಾಖಾನೆಯಲ್ಲಿ ಬಾಯಿಬಿಟ್ಟು ಕೇಳಲಾಗದ ಪ್ರಶ್ನೆಗಳಿಗೆ ಉತ್ತರ ಬರೆಯುವ ಬ್ಲಾಗು ಶುರು ಮಾಡಿದೆ. ಮುಟ್ಟು, ಬಿಳಿಸೆರಗು, ಗರ್ಭಚೀಲ ಇಳಿಯುವುದು, ಎದೆಹಾಲು. ಪ್ರಶ್ನೆ ಕಳಿಸಲು ಒಂದು ಫಾರ್ಮು ಬೇಕಾಯಿತು. ನನಗೆ ಗೊತ್ತಿದ್ದ ಫಾರ್ಮು ಒಂದೇ, ಆ ರಜಿಸ್ಟರು. ಅದರ ಖಾನೆಗಳನ್ನೇ ಹಾಗೇ ಇಳಿಸಿದೆ. ಗಂಡನ ಹೆಸರು ಯಾಕೆ ಬೇಕು ಎಂದು ನನ್ನನ್ನು ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಉತ್ತರ ಬರೆಯುವಾಗ "ಒಬ್ಬ ತಂಗಿ ಕೇಳಿದ್ದಾಳೆ" ಎಂದು ಬರೆಯುತ್ತಿದ್ದೆ. ಹೆಸರುಗಳೆಲ್ಲ ನನ್ನ ಕಂಪ್ಯೂಟರಿನ ಪಟ್ಟಿಯಲ್ಲಿ ಉಳಿಯುತ್ತಿದ್ದವು. ಸ್ತ್ರೀಶಕ್ತಿ ಸಂಘಗಳಲ್ಲಿ ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ, ಐದು ತಾಲೂಕುಗಳಿಂದ ಪ್ರಶ್ನೆ ಬರತೊಡಗಿದವು. ನಿಪ್ಪಾಣಿಯವರು ಅರ್ಧ ಮರಾಠಿಯಲ್ಲಿ ಬರೆಯುತ್ತಿದ್ದರು. ವರ್ಷಗಳು ಕಳೆದವು. ಒಬ್ಬರ ಗುಟ್ಟೂ ಹೊರಗೆ ಹೋಗಲಿಲ್ಲ.

ಜನರ ಖಾಸಗಿ ಮಾಹಿತಿ ಇಟ್ಟುಕೊಳ್ಳುವವರಿಗೆ ಹೊಸ ಕಾನೂನು ಬಂದಿದೆ ಎಂದು ಪೇಪರಿನಲ್ಲಿ ಓದಿದಾಗ ನನಗೆ ಹೆದರಿಕೆ ಆಗಲಿಲ್ಲ, ಖುಷಿಯಾಯಿತು. ನಿಯಮ ಎಂದರೆ ನನಗೆ ಮೊದಲಿಂದಲೂ ಪ್ರೀತಿ. ಚಿಕ್ಕೋಡಿಯಲ್ಲಿ ಪರಿಚಯದ ವಕೀಲರೊಬ್ಬರಿದ್ದಾರೆ, ಅವರ ಹೆಂಡತಿಯ ಎರಡೂ ಬಾಣಂತನ ನೋಡಿದವಳು ನಾನೇ. ಪಟ್ಟಿಯ ಒಂದು ಪುಟ ಪ್ರಿಂಟು ತೆಗೆದುಕೊಂಡು ಅವರ ಆಫೀಸಿಗೆ ಹೋದೆ. ಅವರು ಕನ್ನಡಕ ಏರಿಸಿ ನೋಡಿದರು.

"ಬಾಯಾರ, ಇಷ್ಟೆಲ್ಲಾ ಯಾಕ ಇಟಗೊಂಡೀರಿ?"

"ಬೇಕಾಕ್ಕೈತಿ ಅಂತ."

"ಏನಕ್ಕ ಬೇಕಾಕ್ಕೈತ್ರಿ? ಉತ್ತರ ಬರದ ಮ್ಯಾಲ ಗಂಡನ ಹೆಸರ ತಗೊಂಡ ಏನ ಮಾಡ್ತೀರಿ?"

ಅವರು ಬಿಡಿಸಿ ಹೇಳಿದರು. ಏನೇನು ಇಟ್ಟುಕೊಂಡಿದ್ದೀರಿ, ಯಾಕೆ ಇಟ್ಟುಕೊಂಡಿದ್ದೀರಿ ಎಂದು ಪ್ರಶ್ನೆ ಕೇಳಿದವರಿಗೆ ತಿಳಿಸಬೇಕು, ಅವರಿಗೆ ತಿಳಿಯುವ ಭಾಷೆಯಲ್ಲಿ. ಒಪ್ಪಿದರೆ ಇಡಬಹುದು. ಅಳಿಸಿ ಎಂದರೆ ಅಳಿಸಬೇಕು. ನನ್ನದು ಏನಿದೆ ತೋರಿಸಿ ಎಂದರೆ ತೋರಿಸಬೇಕು, ಅದು ಅವರ ಹಕ್ಕು. "ಇಲ್ಲಾಂದ್ರ ಒಂದ ಸುಲಭದ ದಾರಿ ಐತ್ರಿ," ಎಂದರು, "ಹಳೇದೆಲ್ಲಾ ಅಳಿಸಿ ಕೈ ತೊಳಕೊಂಡ ಬಿಡ್ರಿ." ಕೇಳದೆ ಅಳಿಸುವುದು ನನಗೆ ಕೆಲಸಗಳ್ಳತನ ಎನ್ನಿಸಿತು. ಎದ್ದು ಬರುವಾಗ ಬಾಗಿಲ ತನಕ ಬಂದು ಇನ್ನೊಂದು ಮಾತು ಹೇಳಿದರು: "ತೋರಸ್ರಿ ಅಂದವರು ಅವರ ಹೌದೋ ಅಲ್ಲೋ ನೋಡ್ಕೋರಿ ಮತ್ತ." ನಂಬರು ಅದೇ ಇದ್ದರೆ ಮನುಷ್ಯರೂ ಅವರೇ ಅಂದುಕೊಂಡೆ. ಯಾರು ಅಂದುಕೊಂಡದ್ದು ನೋಡಿ. ಆ ನಂಬರುಗಳು ಯಾರವೆಂದು ವರ್ಷಗಟ್ಟಲೆ ಕಂಡವಳು.

ಒಂದು ವಾರ ಕೂತು ಮೆಸೇಜು ತಿದ್ದಿದೆ. ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು. "ನಮಸ್ಕಾರ. ನೀವು ನಮ್ಮ ಬ್ಲಾಗಿನಲ್ಲಿ ಆರೋಗ್ಯದ ಬಗ್ಗೆ ಪ್ರಶ್ನೆ ಕೇಳಿದ್ದೀರಿ. ನಿಮ್ಮ ಹೆಸರು, ಊರು, ನಂಬರು, ಪ್ರಶ್ನೆ ನಮ್ಮ ಬಳಿ ಇವೆ. ಇಟ್ಟುಕೊಳ್ಳಲು ಒಪ್ಪಿಗೆ ಇದ್ದರೆ ಹೌದು ಎಂದು, ತೆಗೆದುಹಾಕಬೇಕಿದ್ದರೆ ಅಳಿಸಿ ಎಂದು, ನೋಡಬೇಕಿದ್ದರೆ ತೋರಿಸಿ ಎಂದು ಬರೆಯಿರಿ." ಓದಿ ಓದಿ ನನಗೇ ಸಮಾಧಾನವಾಯಿತು. ಸರಕಾರದವರೂ ಇಷ್ಟು ಚೊಕ್ಕಾಗಿ ಬರೆಯಲಾರರು ಎಂದುಕೊಂಡೆ. ಒಂದು ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಪಟ್ಟಿಯಲ್ಲಿದ್ದ ಎಲ್ಲ ನಂಬರುಗಳಿಗೂ ಕಳಿಸಿದೆ.

ಮಧ್ಯಾಹ್ನದ ಹೊತ್ತಿಗೆ ಉತ್ತರಗಳು ಬರತೊಡಗಿದವು. ಬಹಳ ಮಂದಿ "ಯಾರ್ರಿ ನೀವು" ಎಂದು ಕೇಳಿದ್ದರು. ಒಬ್ಬರು ಹೌದು, ಅಳಿಸಿ, ತೋರಿಸಿ ಮೂರನ್ನೂ ಬರೆದು ಕಳಿಸಿದ್ದರು. ಕೆಲವರು ಬರೀ ಕೈ ಮುಗಿದ ಚಿತ್ರ ಕಳಿಸಿದರು. "ತೋರಿಸಿ" ಎಂದವರು ಹನ್ನೊಂದು ಮಂದಿ. ಹಕ್ಕು ಎಂದ ಮೇಲೆ ತಡ ಮಾಡಬಾರದು. ಊಟ ಕೂಡ ಮಾಡದೆ, ಒಬ್ಬೊಬ್ಬರ ಪ್ರಶ್ನೆಯನ್ನೂ ಅವರು ಬರೆದ ಹಾಗೆಯೇ, ಒಂದಕ್ಷರ ಬದಲಿಸದೆ ಆಯಾ ನಂಬರಿಗೆ ಕಳಿಸಿದೆ.

ಸಂಜೆ ನಾಲ್ಕರ ಹೊತ್ತಿಗೆ ಒಬ್ಬ ಗಂಡಸಿನ ಫೋನು ಬಂತು. ಬಹಳ ಮರ್ಯಾದೆಯ ದನಿ.

"ಸಿಸ್ಟರ್ ಬಾಯಾರೇನ್ರಿ? ನಿಮ್ಮ ಮೆಸೇಜ್ ಬಂತ್ರಿ. ಭಾಳ ಉಪಕಾರ ಆತು."

"ಯಾರ್ರಿ ಮಾತಾಡೋದು?"

"ಎರಡ ವರ್ಷ ಆತ್ರಿ, ಕಂಡ ಕಂಡ ದೇವರಿಗೆ ಹರಕಿ ಹೊತ್ತೀವಿ. ಕೂಸ ಯಾಕ ನಿಂದರವಲ್ದು ಅಂತ ನಮ್ಮವ್ವ ಅತ್ತಾಳ. ಈಗ ತಿಳೀತು ನೋಡ್ರಿ." ಅಷ್ಟು ಹೇಳಿ ಅವನು ಫೋನು ಇಟ್ಟ.

ಪಟ್ಟಿ ತೆಗೆದು ಆ ನಂಬರು ಹುಡುಕಿದೆ. ಪ್ರಶ್ನೆ ಹೀಗಿತ್ತು: "ಎರಡು ಹೆಣ್ಣು ಅದಾವ್ರಿ. ಎರಡನೇದು ಹುಟ್ಟೂವಾಗ ನಾ ಸಾಯೂ ಹಂಗ ಆಗಿತ್ತು. ಮನ್ಯಾಗ ಗಂಡು ಬೇಕ ಅಂತಾರ. ನಾ ಯಾರಿಗೂ ಹೇಳದ ಕಾಪರ್‌-ಟಿ ಹಾಕ್ಸೀನಿ. ಅದರ ದಾರ ಕೈಗೆ ಹತ್ತತೈತಿ. ನಮ್ಮ ಮನಿಯವರಿಗೆ ಗೊತ್ತಾಕ್ಕೈತೇನ್ರಿ?"

ಮನೆಯ ತುಂಬ ಗಂಡ, ಅತ್ತೆ ಇರುವಾಗ, ಆ ಫೋನು ಚಾರ್ಜಿಗೆ ಹಾಕಿದ್ದಾಗಲೋ ಅವನು ಮಲಗಿದ್ದಾಗಲೋ ಕದ್ದು ಬರೆದ ಐದಾರು ಸಾಲು. ಬರೆದು ತನ್ನ ಕಡೆಯದನ್ನು ಅಳಿಸಿರುತ್ತಾಳೆ, ಇಲ್ಲದಿದ್ದರೆ ಅದು ಯಾವತ್ತೋ ಸಿಗುತ್ತಿತ್ತು. ಅವಳು ಅಷ್ಟು ಎಚ್ಚರದಿಂದ ಅಳಿಸಿದ್ದನ್ನು ನಾನು ದೀಪ ಹಚ್ಚಿ, ಕಾನೂನು ಪಾಲಿಸಿ, ಅವಳ ಗಂಡನ ಕೈಗೆ ಕೊಟ್ಟಿದ್ದೆ.

ಅದೇ ಸಂಜೆ ವಕೀಲರಿಗೆ ಫೋನು ಮಾಡಿದೆ. ಕಾನೂನನ್ನು ಬೈದೆ. "ಕಾನೂನಿಂದೇನೂ ತಪ್ಪಿಲ್ರಿ ಬಾಯಾರ," ಎಂದರು. ಅದು ನಿಜ. ಕಾನೂನು ತೋರಿಸು ಎಂದದ್ದು ಪ್ರಶ್ನೆ ಕೇಳಿದವಳಿಗೆ, ಫೋನು ಹಿಡಿದವನಿಗೆ ಅಲ್ಲ. ಬಾಗಿಲಲ್ಲಿ ನಿಂತು ಅವರು ಹೇಳಿದ್ದೂ ಅದನ್ನೇ.

"ಇಂಥಾದ್ದು ಆದ್ರ ಆಕಿಗೆ ತಿಳಿಸಬೇಕ್ರಿ," ಎಂದರು, "ನಿನ್ನ ಮಾಹಿತಿ ಮತ್ತೊಬ್ಬರ ಕೈಗೆ ಹೋಗೇತಿ ಅಂತ."

"ಯಾವ ನಂಬರಿಗೆ ತಿಳಿಸ್ಲಿ ವಕೀಲರ?"



ಉಳಿದ ಹತ್ತು ಮಂದಿಯದು ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ದಾರಿಯೂ ಇಲ್ಲ. ಕೇಳಲು ಹೋದರೆ ಮತ್ತೆ ಅದೇ ತಪ್ಪು. ಆ ಪಟ್ಟಿಯನ್ನು ಪೂರ್ತಿ ಅಳಿಸಿದೆ. ಪ್ರಿಂಟು ತೆಗೆದಿದ್ದ ಪುಟವನ್ನು ಬಚ್ಚಲ ಒಲೆಗೆ ಹಾಕಿದೆ. ಫಾರ್ಮಿನ ಖಾನೆಗಳನ್ನು ತೆಗೆದೆ. ಇವೆಲ್ಲ ಅರ್ಧ ಗಂಟೆಯ ಕೆಲಸ. ಇದನ್ನೇ ವಕೀಲರು ಮೊದಲ ದಿನ ಸುಲಭದ ದಾರಿ ಎಂದದ್ದು.

ಅವಳ ಊರಿಗೆ ಹೋಗಲು ಮಾತ್ರ ಹನ್ನೆರಡು ದಿನ ಬೇಕಾಯಿತು. ಕಾಲು ನೋವು ಎಂದು ಮನೆಯಲ್ಲಿ ಹೇಳಿದೆ, ಬಿಸಿಲು ಎಂದೆ. ಹೆದರಿಕೆ ಎಂದು ಹೇಳಲಿಲ್ಲ. ಕೊನೆಗೆ ಅಥಣಿಯಿಂದ ಕಾಗವಾಡದ ಬಸ್ಸು ಹತ್ತಿದೆ, ಅಲ್ಲಿಂದ ಇನ್ನೊಂದು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಇನ್ನೂ ತಡವಾಗಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವಳ ಗಂಡನ ಹೆಸರೂ ಊರೂ ಪಟ್ಟಿ ಅಳಿಸುವ ಮೊದಲೇ ಬಾಯಿಪಾಠವಾಗಿದ್ದವು. ನರ್ಸಬಾಯಿ ಎಂದರೆ ಯಾವ ಊರಲ್ಲೂ ದಾರಿ ತೋರಿಸುತ್ತಾರೆ. ಗಂಡ ಮನೆಯಲ್ಲೇ ಇದ್ದ. ಮೂವತ್ತರ ಆಸುಪಾಸಿನ ಸಭ್ಯ ಮನುಷ್ಯ, ಎದ್ದು ನಿಂತು ಕುರ್ಚಿ ಕೊಟ್ಟ, ಕಾಲಿಗೆ ನೀರು ಕೊಡಿಸಿದ. ಅತ್ತೆ ಬಂದು ಪಕ್ಕದಲ್ಲಿ ಕೂತರು. ಅವಳು ಚಹಾ ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದಳು. ಬಹಳ ಸಣ್ಣ ಹೆಣ್ಣುಮಗಳು. ನಾನು ದೊಡ್ಡವಳನ್ನು ಎಣಿಸಿಕೊಂಡಿದ್ದೆ, ಯಾಕೋ.

ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. "ಆ ಪ್ರಶ್ನೆ ಆಕೀದು," ಎಂದೆ. "ಅದನ್ನ ನಾ ನಿಮಗ ಕಳಿಸಬಾರದಿತ್ತು. ತಪ್ಪ ನಂದು."

"ಫೋನ್ ನಂದ್ರಿ," ಎಂದ ಅವನು, ಸಿಟ್ಟಿಲ್ಲದೆ. "ನನ್ನ ಫೋನಿಗೆ ಬಂದದ್ದು ನಂದ ಅಲ್ರಿ?"

"ಎರಡನೇ ಹೆರಿಗ್ಯಾಗ ಆಕಿ ಜೀವಾ ಹೋಗೂದಿತ್ತು. ಮೂರನೇದು ಬ್ಯಾಡ್ರಿ. ನಾ ನರ್ಸ್ ಆಗಿ ಹೇಳಾಕತ್ತೀನಿ."

"ಈ ಸಲ ದೊಡ್ಡ ದವಾಖಾನ್ಯಾಗ ತೋರಸ್ತೀವ್ರಿ," ಎಂದರು ಅತ್ತೆ. "ಖರ್ಚಿಗೆ ಹಿಂದ ಮುಂದ ನೋಡೂದಿಲ್ಲ."

ಅವರು ಕೆಟ್ಟ ಜನ ಎಂದು ಬರೆದರೆ ನನಗೆ ಹಗುರವಾಗುತ್ತದೆ. ಆದರೆ ಅವರು ಕೆಟ್ಟವರಾಗಿ ಕಾಣಲಿಲ್ಲ. ಎರಡು ವರ್ಷ ಮೋಸ ಹೋದವರ ನೋವು ಆ ಗಂಡನ ಮುಖದಲ್ಲಿತ್ತು. ಅವನಿಗೆ ಆ ನೋವು ಕೊಟ್ಟವಳೂ ನಾನೇ. ಚಹಾ ಅರ್ಧ ಬಿಟ್ಟು ಎದ್ದೆ.

ದನದ ಕೊಟ್ಟಿಗೆ ದಾಟುವಷ್ಟರಲ್ಲಿ ಅವಳು ಹಿಂದಿನ ಬಾಗಿಲಿಂದ ಬಂದಳು. ಕೈಯಲ್ಲಿ ಖಾಲಿ ಬುಟ್ಟಿ, ಸೆಗಣಿ ಬಳಿಯಲು ಬಂದವಳಂತೆ. ನಾನು ಮಾತು ಹುಡುಕುವ ಮೊದಲೇ ಅವಳೇ ಹೇಳಿದಳು.

"ಹೋದ ಸೋಮವಾರ ಕಾಪರ್‌-ಟಿ ತಗಸ್ಕೊಂಡ ಬಂದ್ನಿರಿ ಬಾಯಾರ. ಇವರೂ ಅತ್ತೀನೂ ಸಂಗಾಟ ಬಂದಿದ್ರು."

ನಾನು ಕೈ ಮುಗಿದೆ. ನನಗಿಂತ ನಲವತ್ತು ವರ್ಷ ಸಣ್ಣವಳಿಗೆ. ಅವಳು ಗಾಬರಿಯಾಗಿ ಹಿಂದೆ ಸರಿದಳು.

"ನಿನ್ನ ಹೆಸರು, ನಂಬರು, ಪ್ರಶ್ನೆ ಎಲ್ಲಾ ಅಳಿಸೀನಿ ತಂಗಿ," ಎಂದೆ. "ನನ್ನ ಕಡೆ ನಿಂದ ಒಂದಕ್ಷರ ಉಳದಿಲ್ಲ."

"ಅವರ ಫೋನ್ಯಾಗ ಐತ್ರಿ." ಅವಳ ದನಿಯಲ್ಲಿ ದೂರು ಇರಲಿಲ್ಲ. "ಬಯ್ಯೂದಿಲ್ಲ, ಹೊಡ್ಯೂದಿಲ್ಲ. ದಿನಾ ಊಟಕ್ಕ ಕೂತಾಗ ತಗದು ಓದ್ತಾರ, ಮೊದಲಿಂದ ಕಡೀತನಕ. ಅತ್ತಿ ಕೇಳ್ಕೋತ ಕೂಡ್ತಾರ. ನಾ ರೊಟ್ಟಿ ನೀಡ್ಕೋತ ನಿಂತಿರ್ತೀನಿ." ಆಮೇಲೆ, ನಾನು ತಿಳಿದವಳೆಂದು ಅವಳು ಇನ್ನೂ ನಂಬಿಕೊಂಡಿದ್ದ ಹಾಗೆ, ಮೊದಲ ಸಲ ನನ್ನ ಮುಖ ನೋಡಿ ಕೇಳಿದಳು: "ಅದನ್ನ ಅಳಸಾಕ ಬರತೈತೇನ್ರಿ, ನಿಮ್ಮ ಕಡಿಂದ?"

"ಬರೂದಿಲ್ಲ ತಂಗಿ," ಎಂದೆ.

ಅವಳು ಹೂಂ ಎಂದು ತಲೆಯಾಡಿಸಿದಳು. ಒಳಗಿಂದ ಅತ್ತೆ ಕರೆದರು. ಅವಳು ಬುಟ್ಟಿ ತೆಗೆದುಕೊಂಡು ಹೋದಳು.