ಇಲಿಗಳ ಮುಂದೆ ಹೇಳಿದ ಹೆಸರು

"ಸಾಲಿ ಮೆಟ್ಟಲ ಹತ್ತದಾಕಿಗೆ ಲ್ಯಾಬಿನವರು ಕುರ್ಚಿ ಹಾಕ್ತಾರೇನ?" ಎಂದು ನಕ್ಕವರು ನಮ್ಮ ಅತ್ತೆ. ಅಕ್ಷರ ಕೂಡಿಸಿ ಓದು ಕಲಿತ ನಾನು, ಮನೆಯಲ್ಲಿ ಕಾಮಾಲೆಗೆ ಕೊಡುವ ಸೊಪ್ಪಿನ ಪುಡಿಯನ್ನು ಹಟ ಹಿಡಿದು ಧಾರವಾಡದ ಲ್ಯಾಬಿಗೆ ಪರೀಕ್ಷೆಗೆ ಒಯ್ದೆ.

ವಿಷದ ಜೊತೆ ನಮ್ಮ ಪುಡಿಯ ಸಾರ ಕುಡಿದ ಇಲಿಗಳ ಲಿವರ್ ಕೆಡಲಿಲ್ಲ! ಲ್ಯಾಬಿನ ಮೇಡಂ ಕುಣಿಯುವುದೊಂದು ಬಾಕಿ.

"ಅಕ್ಕಾರ, ಗಿಡದ ಹೆಸರು ಹೇಳ್ರಿ. ಹೆಸರಿಲ್ಲಂದ್ರ ಬರಿಯಾಕ ಬರೂದಿಲ್ಲ."

"ಹೆಸರು ಹೇಳಿದ್ರ ಗುಣ ಹೋಗ್ತದ ಅಂತಾರ್ರೀ ನಮ್ಮತ್ತಿ."

"ಹಂಗಾರ ಅದನ್ನೂ ಪರೀಕ್ಷೆ ಮಾಡೂಣ್ರಿ!"

ಹೊಸ ಇಲಿಗಳ ಪಂಜರದ ಮುಂದೆ ನಿಂತು "ನೆಲನೆಲ್ಲಿ!" ಎಂದು ಕೂಗಿದೆ. ಅದೇ ವಿಷ, ಅದೇ ಸಾರ ಕುಡಿದ ಅವುಗಳ ಲಿವರೂ ಕೆಡಲಿಲ್ಲ.

ಈಗ ನಮ್ಮೂರು ದೊಡವಾಡದಲ್ಲಿ ನನ್ನ ಹೆಸರಿನಲ್ಲೇ ಅರ್ಧ ಎಕರೆ ನೆಲನೆಲ್ಲಿ ಇದೆ. ಹೆಸರು ಹೇಳಿದ್ದಕ್ಕೆ ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಕಳೆ ಕೀಳಲು ಮಾತ್ರ ನನಗಿಂತ ಮೊದಲು ಹೋಗುತ್ತಾರೆ.